ಮನೆಯಲ್ಲಿ ಬ್ರೆಡ್ ಮಾಡಲು ಕಡಿಮೆ ಬೆಲೆಯ ಸ್ಟ್ಯಾಂಡ್ ಮಿಕ್ಸರ್: ಏನನ್ನು ನೋಡಿ ಆರಿಸಬೇಕು?

ಹುದುಗು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಬೇಕಾಗುವ ಬ್ರೆಡ್ಡನ್ನು ನಾನೇ ಮಾಡುತ್ತೇನೆ. ಇದುವರೆಗೆ ಕಣಕವನ್ನು ಕೈಯಲ್ಲೇ ನಾದುತ್ತಿದ್ದೆ. ಈಗ ಮಣಿಕಟ್ಟಿನ ನೋವು ಹೆಚ್ಚಾಗಿದ್ದು, ಹತ್ತು ಹದಿನೈದು ನಿಮಿಷ ಒಂದೇ ಸಮನೆ ನಾದುವುದು ಆಗುತ್ತಿಲ್ಲ. ಆದ್ದರಿಂದ ಒಂದು ಸ್ಟ್ಯಾಂಡ್ ಮಿಕ್ಸರ್, ಅಂದರೆ ಬೌಲಿನೊಳಗೆ ಕೊಕ್ಕೆ ತಿರುಗಿಸಿ ಕಣಕ ನಾದುವ ಯಂತ್ರ, ಕೊಳ್ಳಬೇಕೆಂದಿದ್ದೇನೆ. ಕೈಯಲ್ಲಿರುವ ಹಣ ಹೆಚ್ಚಿಲ್ಲ, ಹಾಗೆಂದು ವರ್ಷದೊಳಗೆ ಕೆಟ್ಟು ಮೂಲೆ ಸೇರುವ ಯಂತ್ರವೂ ಬೇಡ.

ಒಂದು ಸಲಕ್ಕೆ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಹಿಟ್ಟು ನಾದಬೇಕಾಗುತ್ತದೆ. ಕೆಲವೊಮ್ಮೆ ಮೈದಾ, ಕೆಲವೊಮ್ಮೆ ಇಡಿ ಗೋಧಿಯ ಹಿಟ್ಟು. ಕೇಕಿನ ಹಿಟ್ಟು ಕಲಸಲು, ಕೆನೆ ಕಡೆಯಲು ಅದೇ ಯಂತ್ರ ಒದಗಿದರೆ ಸಂತೋಷ, ಆದರೆ ಬ್ರೆಡ್ಡಿನ ಕೆಲಸವೇ ಮುಖ್ಯ. ನನ್ನನ್ನು ಗೊಂದಲಕ್ಕೆ ಕೆಡವಿರುವುದು ಪೆಟ್ಟಿಗೆಗಳ ಮೇಲಿನ ಅಂಕಿಗಳು. ಅಗ್ಗದ ಯಂತ್ರಗಳ ಮೇಲೆ 1200 ವಾಟ್, 1500 ವಾಟ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಅವುಗಳಿಗಿಂತ ಎಷ್ಟೋ ದುಬಾರಿಯಾದ, ಹೆಸರಾಂತ ಯಂತ್ರದ ಮೇಲೆ ನೋಡಿದರೆ ಬರೀ 300 ವಾಟ್ ಆಸುಪಾಸು. ಹಾಗಾದರೆ ವಾಟ್ ಎಂಬುದು ಯಂತ್ರದ ಕಸುವನ್ನು ಹೇಳುವ ಅಳತೆಯೇ ಅಲ್ಲವೇ? ಬೌಲ್ ಎಷ್ಟು ಲೀಟರಿನದಿರಬೇಕು? ಒಳಗಿನ ಗೇರು ಲೋಹದ್ದೇ ಆಗಿರಬೇಕೇ? ಹೊಸದಾದ ಅಗ್ಗದ ಯಂತ್ರಕ್ಕಿಂತ ಒಳ್ಳೆಯ ಹಳೆಯ ಯಂತ್ರವನ್ನು ಕೊಳ್ಳುವುದು ಲೇಸೇ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.


ಹಲ್ಲುಚಕ್ರ (ಉತ್ತರ)

ಅಡುಗೆಮನೆಯ ಯಂತ್ರಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ಕೆಲಸವಾದ್ದರಿಂದ ಮೋಟಾರಿನ ವಿಷಯವನ್ನಷ್ಟೇ ಹೇಳುತ್ತೇನೆ. ಹಿಟ್ಟಿನ ಹದವನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳಿಯಾರು.

ವಾಟ್ ಎಂದರೆ ಯಂತ್ರ ಎಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ ಎಂಬ ಲೆಕ್ಕ. ಅದರಲ್ಲಿ ಎಷ್ಟು ಪಾಲು ಕೊಕ್ಕೆಯನ್ನು ತಿರುಗಿಸಲು ಬಳಕೆಯಾಗುತ್ತದೆ, ಎಷ್ಟು ಪಾಲು ಮೋಟಾರಿನ ಬಿಸಿಯಾಗಿ, ಸದ್ದಾಗಿ ಹೋಗುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಇದರ ಮೇಲೆ, ಕೆಲವರು ಮೋಟಾರು ಕ್ಷಣಮಾತ್ರ ಎಳೆಯಬಲ್ಲ ಗರಿಷ್ಠ ಅಂಕಿಯನ್ನೇ ಪೆಟ್ಟಿಗೆಯ ಮೇಲೆ ಮುದ್ರಿಸುತ್ತಾರೆ. ಕಣಕವನ್ನು ನಾದಲು ಬೇಕಾದದ್ದು ನಿಧಾನ ವೇಗದಲ್ಲಿ ಸಿಗುವ ತಿರುಚುಬಲ. ಇಂಥ ಯಂತ್ರಗಳ ಸಾಮಾನ್ಯ ಮೋಟಾರು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಕೊಕ್ಕೆ ತಿರುಗಬೇಕಾದದ್ದು ಸುಮಾರು ನೂರು ಸುತ್ತು. ಈ ನಡುವಿನ ಇಳಿತವನ್ನು ಬೆಲ್ಟು, ಗೇರುಗಳ ಮೂಲಕ ಸಾಧಿಸಬೇಕು. ಗೇರುಗಳ ಜೋಡಣೆ ಗಟ್ಟಿಯಾಗಿದ್ದು ಇಳಿತದ ಪ್ರಮಾಣ ಸರಿಯಾಗಿದ್ದರೆ 300 ವಾಟಿನ ಯಂತ್ರವೂ ನಿಮ್ಮ ಮುಕ್ಕಾಲು ಕಿಲೋ ಹಿಟ್ಟನ್ನು ಏದುಸಿರಿಲ್ಲದೆ ನಾದುತ್ತದೆ.

ಅಗ್ಗದ ಹಲವು ಯಂತ್ರಗಳ ತೊಡಕು ಬೇರೆಯೇ ಇದೆ. ಅವುಗಳ ವೇಗವನ್ನು ಕಡಿಮೆ ಮಾಡುವುದೆಂದರೆ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಕತ್ತರಿಸುವುದು. ಹಾಗಾಗಿ ಒಂದನೆಯ, ಎರಡನೆಯ ವೇಗದಲ್ಲಿ, ಅಂದರೆ ಬ್ರೆಡ್ಡಿಗೆ ಬೇಕಾದ ವೇಗದಲ್ಲೇ, ಅವು ಬಲಗುಂದುತ್ತವೆ. ಗಟ್ಟಿ ಕಣಕ ಸಿಕ್ಕಿದೊಡನೆ ಕೊಕ್ಕೆ ಮೆಲ್ಲಗಾಗುತ್ತದೆ, ಬಳಸುವವರು ವೇಗವನ್ನು ನಾಲ್ಕಕ್ಕೋ ಐದಕ್ಕೋ ಏರಿಸುತ್ತಾರೆ, ಯಂತ್ರ ಕುಣಿಯತೊಡಗುತ್ತದೆ, ಗೇರು ಸವೆಯುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಹೊರೆಯನ್ನು ಗುರುತಿಸಿ ವೇಗವನ್ನು ಹಿಡಿದಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ಡೀಸಿ ಮೋಟಾರಿನ ಯಂತ್ರಗಳು ಈ ವಿಷಯದಲ್ಲಿ ಇನ್ನೂ ಮೇಲು, ಸದ್ದೂ ಕಡಿಮೆ.

ಆದ್ದರಿಂದ ಪೆಟ್ಟಿಗೆಯ ಮುಂಬದಿಯನ್ನು ಬಿಟ್ಟು ಎರಡು ಕಡೆ ಕಣ್ಣುಹಾಯಿಸಿ. ಮೊದಲನೆಯದು ಬಳಕೆಯ ಕೈಪಿಡಿ. ಇದನ್ನು ಕೊಳ್ಳುವ ಮೊದಲೇ ಅಂತರಜಾಲದಲ್ಲಿ ಓದಬಹುದು. ಈಸ್ಟ್ ಹಾಕಿದ ಕಣಕಕ್ಕೆ ಒಂದು ಸಲಕ್ಕೆ ಗರಿಷ್ಠ ಎಷ್ಟು ಹಿಟ್ಟು, ಯಾವ ವೇಗ, ಎಷ್ಟು ನಿಮಿಷ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬರೆದೇ ಇಲ್ಲವೆಂದಾದರೆ ಆ ಯಂತ್ರವನ್ನು ಕೇಕಿಗಷ್ಟೇ ಮಾಡಿದ್ದಾರೆಂದು ತಿಳಿಯುವುದು ಕ್ಷೇಮ. ಎರಡನೆಯದು ಯಂತ್ರದ ತಳದಲ್ಲಿ ಅಂಟಿಸಿರುವ ಫಲಕ. ಕೆಲವು ಯಂತ್ರಗಳ ಫಲಕದಲ್ಲಿ ‘ಕೆಬಿ 5 ನಿಮಿಷ’, ‘ಕೆಬಿ 10 ನಿಮಿಷ’ ಎಂಬಂಥ ಗುರುತು ಕಾಣುತ್ತದೆ. ನಿಲ್ಲಿಸದೆ ಅಷ್ಟು ಹೊತ್ತು ಮಾತ್ರ ಓಡಿಸಬಹುದು, ಆಮೇಲೆ ಮೋಟಾರು ತಣಿಯಬೇಕು ಎಂಬುದು ಅದರ ಅರ್ಥ. ಬ್ರೆಡ್ಡಿನ ಕಣಕವನ್ನು ಎಂಟು ಹತ್ತು ನಿಮಿಷ ನಾದಬೇಕಾಗಿರುವುದರಿಂದ ಐದು ನಿಮಿಷದ ಯಂತ್ರ ನಿಮ್ಮ ಕೆಲಸಕ್ಕೆ ಎಟುಕುವುದಿಲ್ಲ.

ಗೇರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ಕೆಲವು ಒಳ್ಳೆಯ ಯಂತ್ರಗಳಲ್ಲಿ ಉಳಿದ ಗೇರುಗಳೆಲ್ಲ ಲೋಹದವಾಗಿದ್ದು ಒಂದನ್ನು ಮಾತ್ರ ಬೇಕೆಂದೇ ಮೆದುವಾದ ವಸ್ತುವಿನಿಂದ ಮಾಡಿರುತ್ತಾರೆ. ಹೊರೆ ಮಿತಿ ಮೀರಿದಾಗ ಅದು ಮುರಿದು, ಮೋಟಾರು ಸುಡದಂತೆ ಕಾಯುತ್ತದೆ. ಆ ಒಂದು ಗೇರು ಬಿಡಿಯಾಗಿ ಸಿಗುವಂತಿದ್ದರೆ ಪ್ಲಾಸ್ಟಿಕ್ ಗೇರೆಂದು ಹೆದರಬೇಕಾಗಿಲ್ಲ. ಎಲ್ಲ ಗೇರೂ ಪ್ಲಾಸ್ಟಿಕ್ಕಿನವಾಗಿದ್ದು, ಬಿಡಿಭಾಗ ಎಲ್ಲೂ ಸಿಗದಿದ್ದರೆ ಮಾತ್ರ ದೂರವಿರಿ.


ನಿಧಾನಹಿಟ್ಟು (ಉತ್ತರ)

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಯಂತ್ರದ ಆಯ್ಕೆ ಮೊದಲಾಗಬೇಕಾದದ್ದು ಕಣಕದ ತೂಕದಿಂದ. ಬ್ರೆಡ್ ಮಾಡುವವರು ಹಿಟ್ಟನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಶೇಕಡಾವಾರಿನಲ್ಲಿ ಹೇಳುವುದುಂಟು. 500 ಗ್ರಾಂ ಹಿಟ್ಟಿಗೆ ಶೇ. 65ರ ಲೆಕ್ಕದಲ್ಲಿ 325 ಗ್ರಾಂ ನೀರು, ಶೇ. 2ರಂತೆ 10 ಗ್ರಾಂ ಉಪ್ಪು, ಶೇ. 1ರಂತೆ 5 ಗ್ರಾಂ ಒಣ ಈಸ್ಟ್ ಸೇರಿದರೆ ಕಣಕ 840 ಗ್ರಾಂ ಆಗುತ್ತದೆ. ಮುಕ್ಕಾಲು ಕಿಲೋ ಹಿಟ್ಟಿಗೆ ಅದು 1260 ಗ್ರಾಂ. ನೀವು ಕೇಳಬೇಕಾದ ಪ್ರಶ್ನೆ ಇದು: ಈ ಯಂತ್ರ ಒಂದೂಕಾಲು ಕಿಲೋ ಕಣಕವನ್ನು ಹತ್ತು ನಿಮಿಷ ನಾದಬಲ್ಲದೇ? ಬೌಲ್ ಐದು ಲೀಟರಿನದು ಎಂದಮಾತ್ರಕ್ಕೆ ಅಷ್ಟು ತುಂಬ ನಾದಬಹುದೆಂದಲ್ಲ. ಆ ಲೀಟರು ಹೆಚ್ಚಾಗಿ ಕಡೆದ ಕೆನೆಗೆ, ಕೇಕಿನ ಹಿಟ್ಟಿಗೆ ಹೊಂದುವ ಅಳತೆ. ನಿಮ್ಮ ಪ್ರಮಾಣಕ್ಕೆ ನಾಲ್ಕೂವರೆಯಿಂದ ಐದು ಲೀಟರಿನ ಬೌಲ್ ಸರಿ. ಏಳು ಲೀಟರಿನದು ಅದೇ ಬೆಲೆಗೆ ಸಿಗುತ್ತದೆಂದು ಆಸೆಪಡಬೇಡಿ. ದೊಡ್ಡ ಬೌಲಿನ ತಳದಲ್ಲಿ ಅರ್ಧ ಕಿಲೋ ಹಿಟ್ಟು ಕೊಕ್ಕೆಗೆ ಸಿಗದೆ ಒಂದು ಮೂಲೆಯಲ್ಲಿ ಕುಳಿತುಬಿಡುತ್ತದೆ, ಕೊಕ್ಕೆ ಸುಮ್ಮನೆ ಗಾಳಿಯಲ್ಲಿ ತಿರುಗುತ್ತದೆ.

ಕೊಕ್ಕೆಗಳಲ್ಲಿ ಎರಡು ಬಗೆ. ಸರಳವಾಗಿ ಬಾಗಿದ ಕೊಕ್ಕೆ ಹಳೆಯದು. ಅದನ್ನು ಹಿಡಿದು ಕಣಕ ಮೇಲೆ ಮೇಲೆ ಹತ್ತುತ್ತದೆ, ಆಗಾಗ ನಿಲ್ಲಿಸಿ ಕೆಳಗೆ ಕೆರೆಯಬೇಕಾಗುತ್ತದೆ. ಸುರುಳಿಯಾಕಾರದ ಕೊಕ್ಕೆ ಕಣಕವನ್ನು ತಳಕ್ಕೆ ಒತ್ತುತ್ತಾ ಹೋಗುವುದರಿಂದ ಈ ಕಾಟ ಕಡಿಮೆ. ಎರಡೂ ಒಂದೇ ಬೆಲೆಯಲ್ಲಿದ್ದರೆ ಸುರುಳಿಯದನ್ನೇ ತೆಗೆದುಕೊಳ್ಳಿ. ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ಇನ್ನೂ ಒಳ್ಳೆಯದು. ಲೇಪನವಿಲ್ಲದ ಅಲ್ಯೂಮಿನಿಯಮ್ ಕೊಕ್ಕೆಯನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದರೆ ಅದು ಕಪ್ಪಿಟ್ಟು, ಮುಂದಿನ ಸಲ ಕಣಕಕ್ಕೆ ಬೂದುಬಣ್ಣ ಹತ್ತುತ್ತದೆ.

ಇನ್ನು ಅಗ್ಗದ ಯಂತ್ರದಿಂದಲೂ ಒಳ್ಳೆಯ ಕೆಲಸ ತೆಗೆಯುವ ಬಗೆ. ಹಿಟ್ಟಿನಲ್ಲಿರುವ ಗ್ಲುಟೆನಿನ್ ಮತ್ತು ಗ್ಲೈಯಡಿನ್ ಎಂಬ ಪ್ರೋಟೀನುಗಳು ನೀರಿನೊಂದಿಗೆ ಕೂಡಿ ಗ್ಲುಟೆನ್ನಿನ ಬಲೆಯಾಗುವುದು ನಾದುವುದರಿಂದ ಮಾತ್ರವಲ್ಲ, ಸುಮ್ಮನೆ ಕಾಯುವುದರಿಂದಲೂ ಹೌದು. ಫ್ರೆಂಚ್ ಬ್ರೆಡ್ ತಜ್ಞ ರೇಮೋಂ ಕಾಲ್ವೆಲ್ 1970ರ ದಶಕದಲ್ಲಿ ಬಳಕೆಗೆ ತಂದ ಆಟೊಲಿಸ್ ವಿಧಾನದ ತಿರುಳು ಇದೇ: ಹಿಟ್ಟು ಮತ್ತು ನೀರನ್ನಷ್ಟೇ ಒರಟಾಗಿ ಕಲಸಿ, ಮುಚ್ಚಿ, ಇಪ್ಪತ್ತರಿಂದ ಅರವತ್ತು ನಿಮಿಷ ಬಿಟ್ಟು, ಆಮೇಲೆ ಉಪ್ಪು ಮತ್ತು ಈಸ್ಟ್ ಸೇರಿಸಿ ನಾದುವುದು. ಹೀಗೆ ಮಾಡಿದಾಗ ಹತ್ತು ಹನ್ನೆರಡು ನಿಮಿಷದ ಕೆಲಸ ಐದಾರು ನಿಮಿಷಕ್ಕೆ ಇಳಿಯುತ್ತದೆ, ಮೋಟಾರಿನ ಮೇಲಿನ ಹೊರೆಯೂ ಇಳಿಯುತ್ತದೆ. ಇಡಿ ಗೋಧಿಯ ಹಿಟ್ಟಿಗಂತೂ ಇದು ಬೇಕೇ ಬೇಕು. ತವುಡು ನೀರನ್ನು ನಿಧಾನವಾಗಿ ಕುಡಿಯುತ್ತದೆ; ಮೊದಲು ಜಾಳಾಗಿ ಕಂಡ ಕಣಕ ಅರ್ಧ ಗಂಟೆಯಲ್ಲಿ ಹದಕ್ಕೆ ಬರುತ್ತದೆ. ಯಂತ್ರಕ್ಕೆ ಕಷ್ಟ ಕೊಡುವುದು ಶೇ. 55ರಷ್ಟು ಮಾತ್ರ ನೀರಿರುವ ಗಟ್ಟಿ ಕಣಕ. ಶೇ. 70ರಷ್ಟು ನೀರಿದ್ದರೆ ಅದೇ ಯಂತ್ರ ಹಗುರವಾಗಿ ಓಡುತ್ತದೆ, ಬ್ರೆಡ್ಡಿನ ಒಳಮೈಯೂ ತೆರೆದುಕೊಳ್ಳುತ್ತದೆ.

ಯಂತ್ರದಲ್ಲಿ ನಾದುವವರು ಶಾಖದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು, ಏಕೆಂದರೆ ಕೊಕ್ಕೆಯ ಉಜ್ಜಾಟದಿಂದ ಕಣಕ ಬಿಸಿಯಾಗುತ್ತದೆ. ನಾದಿ ಮುಗಿದಾಗ ಕಣಕ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚೆನ್ನ. ಬೇಕಾದ ಉಷ್ಣತೆಯನ್ನು ಮೂರರಿಂದ ಗುಣಿಸಿ, ಅದರಿಂದ ಹಿಟ್ಟಿನ ಉಷ್ಣತೆ, ಕೋಣೆಯ ಉಷ್ಣತೆ ಮತ್ತು ಯಂತ್ರ ಏರಿಸುವ ಶಾಖದ ಅಂಕಿ, ಈ ಮೂರನ್ನೂ ಕಳೆದರೆ ನೀರು ಎಷ್ಟು ತಣ್ಣಗಿರಬೇಕೆಂಬುದು ಸಿಗುತ್ತದೆ. ಹಿಟ್ಟು 24, ಕೋಣೆ 24, ಯಂತ್ರದ ಅಂಕಿ 12 ಎಂದಾದರೆ 75ರಿಂದ 60 ಕಳೆದು 15 ಡಿಗ್ರಿಯ ನೀರು. ಯಂತ್ರದ ಅಂಕಿ ಒಂದೊಂದಕ್ಕೆ ಒಂದೊಂದು. ಒಮ್ಮೆ ನಾದಿ ಮುಗಿದ ಕಣಕದ ಉಷ್ಣತೆಯನ್ನು ಅಳೆದು ಇದೇ ಲೆಕ್ಕವನ್ನು ಹಿಂದುಮುಂದು ಮಾಡಿದರೆ ನಿಮ್ಮ ಯಂತ್ರದ್ದು ತಿಳಿಯುತ್ತದೆ.


ಬರಿಗೈ (ಉತ್ತರ)

ಇಲ್ಲಿ ಯಾರೂ ಎತ್ತದ ಪ್ರಶ್ನೆಯೊಂದನ್ನು ಎತ್ತುತ್ತೇನೆ: ಸ್ಟ್ಯಾಂಡ್ ಮಿಕ್ಸರ್ ಬೇಕೇ? ಪ್ರಶ್ನೆ ಕೇಳಿದವರಿಗೆ ಮುಖ್ಯವಾದದ್ದು ಬ್ರೆಡ್ಡು, ಹಣ ಕಡಿಮೆ, ತೊಂದರೆ ಮಣಿಕಟ್ಟಿನದು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬ್ರೆಡ್ ಮೆಷಿನ್ ಎಂಬ ಸಾಧನವನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಬೇಯಿಸಲೇಬೇಕೆಂದಿಲ್ಲ, ಕಣಕ ಮಾತ್ರ ಮಾಡುವ ಕ್ರಮವನ್ನು ಒತ್ತಿದರೆ ಅದು ಕಲಸಿ, ನಾದಿ, ಮೊದಲ ಉಬ್ಬನ್ನೂ ಮುಗಿಸಿಕೊಡುತ್ತದೆ, ಆಕಾರ ಕೊಟ್ಟು ನಿಮ್ಮ ಒಲೆಯಲ್ಲಿ ಸುಡಬಹುದು. ನಾದುವ ಕೆಲಸಕ್ಕೆಂದೇ ಮಾಡಿದ ಯಂತ್ರವಾದ್ದರಿಂದ ಅರ್ಧ ಕಿಲೋ ಹಿಟ್ಟು ಅದಕ್ಕೆ ದಿನನಿತ್ಯದ ಹೊರೆ. ಉತ್ಸಾಹದಲ್ಲಿ ಕೊಂಡು ಆಮೇಲೆ ಮರೆತವರು ಬಹಳ ಮಂದಿ ಇರುವುದರಿಂದ ಹೆಚ್ಚು ಸವೆಯದ ಹಳೆಯ ಯಂತ್ರ ಸಿಗುವುದೂ ಕಷ್ಟವಲ್ಲ. ಮುಕ್ಕಾಲು ಕಿಲೋ ಹಿಟ್ಟು ಅದರ ಪಾತ್ರೆಗೆ ಹೆಚ್ಚಾಗಬಹುದು, ಕೆನೆ ಕಡೆಯಲು ಅದು ಒದಗುವುದಿಲ್ಲ ಎಂಬುದನ್ನೂ ಹೇಳಬೇಕು.

ಫುಡ್ ಪ್ರೊಸೆಸರ್ ಈಗಾಗಲೇ ಮನೆಯಲ್ಲಿದ್ದರೆ ಅದೂ ಒಂದು ನಿಮಿಷದ ಆಸುಪಾಸಿನಲ್ಲಿ ಕಣಕ ನಾದಿಬಿಡುತ್ತದೆ. ಬಿಸಿ ಬೇಗ ಏರುವುದರಿಂದ ತಣ್ಣೀರು ಬಳಸಬೇಕು, ಹೆಚ್ಚು ಹಿಟ್ಟು ಹಾಕಬಾರದು. ಎರಡು ಕೊಕ್ಕೆಯ ಹ್ಯಾಂಡ್ ಮಿಕ್ಸರ್ ನಿಮಗೆ ಬೇಡ, ಅದನ್ನು ಹಿಡಿದು ನಿಲ್ಲಬೇಕಾದದ್ದು ಅದೇ ನೋಯುವ ಮಣಿಕಟ್ಟು.

ಯಂತ್ರವೇ ಇಲ್ಲದ ದಾರಿಯೂ ಇದೆ. ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿಯವರ, ಕಣಕವನ್ನು ನಾದದೆಯೇ ಬ್ರೆಡ್ ಮಾಡುವ ವಿಧಾನ 2006ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಮನೆಯಲ್ಲಿ ಬ್ರೆಡ್ ಮಾಡುವ ಎಷ್ಟೋ ಮಂದಿ ಅದನ್ನು ಹಿಡಿದರು. ಈಸ್ಟ್ ಕಾಲು ಚಮಚ ಮಾತ್ರ, ನೀರು ಹೆಚ್ಚು, ಚಮಚದಲ್ಲಿ ಕಲಸಿಟ್ಟು ಹನ್ನೆರಡರಿಂದ ಹದಿನೆಂಟು ಗಂಟೆ ಬಿಡುವುದು. ಮುಚ್ಚಳವಿರುವ ದಪ್ಪ ಪಾತ್ರೆಯನ್ನು ಚೆನ್ನಾಗಿ ಕಾಯಿಸಿ ಅದರೊಳಗೆ ಸುಡುವುದು. ಅಷ್ಟು ಕಾಯಲಾಗದಿದ್ದರೆ, ಅರ್ಧ ಗಂಟೆಗೊಮ್ಮೆ ಕಣಕದ ಅಂಚನ್ನು ಹಿಗ್ಗಿಸಿ ಮಡಚುವ ಕ್ರಮವನ್ನು ಮೂರು ನಾಲ್ಕು ಸಲ ಮಾಡಿದರೂ ಬಲ ಬರುತ್ತದೆ, ಮಣಿಕಟ್ಟಿಗೆ ಭಾರ ಬೀಳುವುದಿಲ್ಲ.


ನಿಧಾನಹಿಟ್ಟು (ಉತ್ತರ)

ಬರಿಗೈ ಅವರ ಮಾತು ಖಾರವಾಗಿದ್ದರೂ ನಿಜ. ನನ್ನ ತಕರಾರು ಒಂದೇ: ನಾದದೆ ಮಾಡುವ ವಿಧಾನ ಹೊಂದುವುದು ನೀರು ಹೆಚ್ಚಿರುವ, ಗರಿಗರಿ ಹೊರಮೈಯ ಬ್ರೆಡ್ಡಿಗೆ. ಬೆಣ್ಣೆ, ಸಕ್ಕರೆ, ಮೊಟ್ಟೆ ಸೇರಿದ ಮೃದುವಾದ ಬ್ರೆಡ್ಡಿನಲ್ಲಿ ಮೊದಲು ಗ್ಲುಟೆನ್ ಬೆಳೆಸಿ, ಆಮೇಲೆ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬಹಳ ಹೊತ್ತು ನಾದಬೇಕಾಗುತ್ತದೆ. ಅಲ್ಲಿ ಸ್ಟ್ಯಾಂಡ್ ಮಿಕ್ಸರಿಗೆ ಸಾಟಿಯಿಲ್ಲ.


ಹುದುಗು

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಮನೆಯಲ್ಲಿ ಹೆಚ್ಚು ಬೇಕಾಗುವುದು ಬೆಣ್ಣೆ ಸೇರಿದ ಮೃದು ಬ್ರೆಡ್ಡೇ ಆದ್ದರಿಂದ ಮಿಕ್ಸರಿನ ಯೋಚನೆಯನ್ನು ಕೈಬಿಡುವುದಿಲ್ಲ. ಕೈಪಿಡಿಗಳನ್ನು ಓದಿ ನೋಡಿದಾಗ ಪಟ್ಟಿ ತಾನಾಗಿಯೇ ಕಿರಿದಾಯಿತು. 1500 ವಾಟಿನ ಒಂದು ಯಂತ್ರದ ಕೈಪಿಡಿಯಲ್ಲಿ ಈಸ್ಟ್ ಕಣಕದ ಮಾತೇ ಇರಲಿಲ್ಲ. ಈಗ ಉಳಿದಿರುವುದು ಎರಡು. ಒಂದು ಹೊಸದು: ಮೋಟಾರಿರುವ ಮೇಲ್ಭಾಗ, ಅಂದರೆ ತಲೆ, ಹಿಂದಕ್ಕೆ ಮಡಚುವ ಬಗೆಯದು, ಹತ್ತು ನಿಮಿಷದ ಮಿತಿ, ಗರಿಷ್ಠ 800 ಗ್ರಾಂ ಹಿಟ್ಟು, ಸುರುಳಿ ಕೊಕ್ಕೆ. ಇನ್ನೊಂದು ಒಬ್ಬರು ಬಳಸಿ ಮಾರುತ್ತಿರುವ ಹಳೆಯ, ಹೆಸರಾಂತ ಕಂಪನಿಯ ಭಾರವಾದ ಯಂತ್ರ. ಬೆಲೆ ಹೆಚ್ಚುಕಡಿಮೆ ಒಂದೇ. ಹಳೆಯದನ್ನು ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?


ಹಲ್ಲುಚಕ್ರ (ಉತ್ತರ)

ಬೆಲೆ ಒಂದೇ ಆಗಿದ್ದು, ಬಿಡಿಭಾಗ ಸಿಗುವಂತಿದ್ದರೆ ನಾನು ಹಳೆಯದರ ಪಕ್ಷ. ಮನೆಬಳಕೆಯ ಸ್ಟ್ಯಾಂಡ್ ಮಿಕ್ಸರಿನ ಮೂಲ ವಿನ್ಯಾಸ ಬಹಳ ಬದಲಾಗಿಲ್ಲ. ಕೊಕ್ಕೆ ತನ್ನ ಸುತ್ತ ತಾನು ತಿರುಗುತ್ತಾ ಬೌಲಿನ ಒಳಗೆ ಎದುರು ದಿಕ್ಕಿನಲ್ಲಿ ಸುತ್ತುವ ವ್ಯವಸ್ಥೆ ಕಿಚನ್‌ಏಡ್ 1919ರಲ್ಲಿ ಮನೆಗಳಿಗೆಂದು ತಂದ ಯಂತ್ರದಲ್ಲೇ ಇತ್ತು, ಕೆನ್‌ವುಡ್ ಶೆಫ್ 1950ರಿಂದ ಬಂದದ್ದು. ಇಂಥ ದೀರ್ಘಕಾಲದ ಮಾದರಿಗಳಿಗೆ ಕಾರ್ಬನ್ ಬ್ರಶ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು), ಗೇರು, ಸೀಲುಗಳು ಸಿಗುವ ಸಂಭವ ಹೆಚ್ಚು. ಆದರೂ ಹೋಗುವ ಮೊದಲೇ ತಳದ ಫಲಕದ ಫೋಟೋ ತರಿಸಿಕೊಂಡು ಮಾದರಿಯ ಸಂಖ್ಯೆ ಹಿಡಿದು ಬಿಡಿಭಾಗಗಳನ್ನು ಹುಡುಕಿ ನೋಡಿ. ಅದೇ ಫಲಕದಲ್ಲಿ ವೋಲ್ಟೇಜನ್ನೂ ಗಮನಿಸಿ: 120 ವೋಲ್ಟಿನ ಯಂತ್ರವನ್ನು 230 ವೋಲ್ಟಿನ ಮನೆಯಲ್ಲಿ ಓಡಿಸಲು ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ಅಲ್ಲಿಗೆ ಉಳಿತಾಯ ಮುಗಿಯಿತು.

ನೋಡಲು ಹೋದಾಗ ಖಾಲಿ ಯಂತ್ರವನ್ನು ಮೊದಲು ಅತಿ ನಿಧಾನದ ವೇಗದಲ್ಲಿ, ಆಮೇಲೆ ಒಂದೊಂದೇ ಹಂತ ಏರಿಸುತ್ತಾ ಓಡಿಸಿ. ಸಮನಾದ ಗುಂಯ್‌ಗುಟ್ಟುವಿಕೆ ಸಹಜ; ಒಂದು ಸುತ್ತಿಗೊಮ್ಮೆ ಟಕ್ಕೆನ್ನುವ ಸದ್ದು ಬಂದರೆ ಗೇರಿನ ಹಲ್ಲು ಹೋಗಿದೆ ಎಂದರ್ಥ. ನಿಧಾನದ ವೇಗದಲ್ಲಿ ತಡೆತಡೆದು ತಿರುಗಿದರೆ ಬ್ರಶ್ ಸವೆದಿರಬಹುದು ಅಥವಾ ವೇಗ ನಿಯಂತ್ರಣ ಕೆಟ್ಟಿರಬಹುದು. ಬ್ರಶ್ ಬದಲಿಸುವುದು ಸುಲಭದ ಕೆಲಸ. ಪ್ಲಗ್ ತೆಗೆದ ಮೇಲೆ ಕೊಕ್ಕೆಯನ್ನು ಹಿಡಿದು ಅಲುಗಿಸಿ: ತುಸು ಸಡಿಲ ಇರುವುದು ಸಹಜ, ಆದರೆ ಬೌಲಿಗೆ ತಾಗುವಷ್ಟು ಓಲಾಡಬಾರದು. ತಲೆಯ ಕೆಳಭಾಗದಲ್ಲಿ ಎಣ್ಣೆ ಜಿನುಗಿದ್ದರೆ ಹೆದರಬೇಡಿ. ಬಹುಕಾಲ ಬಳಸದೆ ಇಟ್ಟ ಯಂತ್ರದಲ್ಲಿ ಗ್ರೀಸಿನಿಂದ ಎಣ್ಣೆ ಬೇರ್ಪಟ್ಟು ಇಳಿಯುವುದುಂಟು. ಹಳೆಯ ಗ್ರೀಸ್ ಕೆರೆದು ಆಹಾರದ ಯಂತ್ರಗಳಿಗೆ ಯೋಗ್ಯವಾದ ಹೊಸ ಗ್ರೀಸ್ ತುಂಬಿದರೆ ಸರಿಹೋಗುತ್ತದೆ. ಹೆದರಬೇಕಾದದ್ದು ಸುಟ್ಟ ವಾಸನೆಗೆ.

ಇದೆಲ್ಲ ಸರಿಯಿದ್ದರೂ ಖಾಲಿ ಓಟ ನಿಜವಾದ ಪರೀಕ್ಷೆಯಲ್ಲ. ಅರ್ಧ ಕಿಲೋ ಹಿಟ್ಟಿಗೆ ಕಡಿಮೆ ನೀರು ಹಾಕಿ ಕಲಸಿದ ಕಣಕವನ್ನು ಡಬ್ಬಿಯಲ್ಲಿ ಒಯ್ದು, ಮಾರುವವರ ಒಪ್ಪಿಗೆ ಪಡೆದು, ಎರಡನೆಯ ವೇಗದಲ್ಲಿ ಐದು ನಿಮಿಷ ನಾದಿಸಿ. ತಲೆಯ ಮೇಲೆ ಕೈಯಿಟ್ಟು ನೋಡಿ: ಬೆಚ್ಚಗಾಗುವುದು ಸರಿ, ಕೈ ಇಡಲಾಗದಷ್ಟು ಬಿಸಿಯಾಗುವುದು ಸರಿಯಲ್ಲ. ತಲೆ ಮಡಚುವ ಯಂತ್ರವಾದರೆ ಬೀಗ ಹಾಕಿದ ಮೇಲೂ ತಲೆ ಮೇಲೆ ಕೆಳಗೆ ಕುಪ್ಪಳಿಸುತ್ತದೆಯೇ ನೋಡಿ. ಕೀಲಿನ ಪಿನ್ ಸಡಿಲವಾಗಿದ್ದರೆ ಬಿಗಿಮಾಡಬಹುದು, ಕೀಲಿನ ರಂಧ್ರವೇ ಸವೆದಿದ್ದರೆ ಕೊಳ್ಳಬೇಡಿ.

ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಹೊಸದನ್ನೇ ತೆಗೆದುಕೊಳ್ಳಿ. 800 ಗ್ರಾಂ ಎಂಬ ಮಿತಿಗೆ ನಿಮ್ಮ 750 ಗ್ರಾಂ ತೀರಾ ಹತ್ತಿರ. ಇಡಿ ಗೋಧಿಯದಾದರೆ 600 ಗ್ರಾಮಿಗೆ ನಿಲ್ಲಿಸಿ, ಇಲ್ಲವೇ ಎರಡು ಪಾಲು ಮಾಡಿ ನಾದಿ. ಐದು ನಿಮಿಷ ನಾದಿ, ಹತ್ತು ನಿಮಿಷ ಯಂತ್ರವನ್ನೂ ಕಣಕವನ್ನೂ ಬಿಟ್ಟು, ಮತ್ತೆ ಮೂರು ನಾಲ್ಕು ನಿಮಿಷ ನಾದಿದರೆ ಬೆಣ್ಣೆ ಹಾಕುವ ಹೊತ್ತಿಗೆ ಮೋಟಾರು ತಣ್ಣಗಿರುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ನಿಮ್ಮ ಅತಿ ಗಟ್ಟಿಯಾದ ಕಣಕವನ್ನು ಅದರಲ್ಲಿ ನಾದಿಸಿ ನೋಡಿ.